ಗೋಧಿ ಹೊಲದಲ್ಲಿ ಜೇನುಹುಳುವಿಗೇನು ಕೆಲಸ?

ಗೋಧಿ ಬೇಗ ಬೆಳೆಯಬೇಕಾದರೆ ಏನು ಮಾಡಬೇಕು ಎಂದು ಆರನೆಯದೋ ಏಳನೆಯದೋ ತರಗತಿಯ ಮಗುವನ್ನು ಕೇಳಿ ನೋಡಿ. ನೀರು, ಗೊಬ್ಬರ, ಬಿಸಿಲು ಎಂಬ ಪಾಠದ ಉತ್ತರಗಳ ಜೊತೆಗೆ ‘ಹೊಲದ ಪಕ್ಕ ಜೇನುಗೂಡು ಇಡಬೇಕು’ ಎಂಬ ಉತ್ತರವೂ ಬಂದರೆ ಬೆಚ್ಚಬೇಕಾಗಿಲ್ಲ. ಮಗು ಸುಳ್ಳು ಹೇಳುತ್ತಿಲ್ಲ. ಜೇನುಹುಳು ಗೋಧಿಯ ಪೈರಿನ ಮೇಲೆ ಹಾರಿಹೋದದ್ದನ್ನೂ, ಆ ಕ್ಷಣದಲ್ಲೇ ಪೈರು ಒಂದಿಷ್ಟು ಮೇಲೆದ್ದದ್ದನ್ನೂ ಅದು ಕಣ್ಣಾರೆ ಕಂಡಿದೆ. ಕಂಡದ್ದು ಹೊಲದಲ್ಲಲ್ಲ, ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯ ಮೇಲೆ ಅಷ್ಟೆ.

ಆಟದ ಹೆಸರು ‘ಮೈನ್‌ಕ್ರಾಫ್ಟ್’. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿರುವ ಮೊಜಾಂಗ್ ಸಂಸ್ಥೆ ರೂಪಿಸಿದ ಈ ಆಟ 2011ರ ನವೆಂಬರಿನಲ್ಲಿ ಪೂರ್ಣ ರೂಪದಲ್ಲಿ ಹೊರಬಂತು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿ 250 ಕೋಟಿ ಡಾಲರ್ ತೆತ್ತು ಮೊಜಾಂಗನ್ನು ಕೊಂಡಿತು. 2023ರ ಹೊತ್ತಿಗೆ ಮಾರಾಟವಾದ ಪ್ರತಿಗಳ ಸಂಖ್ಯೆ 30 ಕೋಟಿ ದಾಟಿತ್ತು. ಆಟದೊಳಗಿನ ಜಗತ್ತೆಲ್ಲ ಘನಾಕೃತಿಯ ತುಂಡುಗಳಿಂದಾದದ್ದು. ಮಣ್ಣು ಚೌಕ, ಮರ ಚೌಕ, ಹಸುವೂ ಚೌಕ, ಕೊನೆಗೆ ಸೂರ್ಯನೂ ಚೌಕ! ದೂರದಿಂದ ನೋಡುವ ಅಪ್ಪ ಅಮ್ಮಂದಿರಿಗೆ ಇದು ಇಟ್ಟಿಗೆ ಜೋಡಿಸುವ ಆಟದಂತೆ ಕಾಣುತ್ತದೆ. ಆದರೆ ಮಕ್ಕಳು ಅದರಲ್ಲಿ ನೆಲ ಅಗೆಯುತ್ತಾರೆ, ನೀರು ಹಾಯಿಸುತ್ತಾರೆ, ಬಿತ್ತುತ್ತಾರೆ, ಕೊಯ್ಯುತ್ತಾರೆ. 2019ರ ಡಿಸೆಂಬರಿನಲ್ಲಿ ಈ ಚೌಕದ ಲೋಕಕ್ಕೆ ಜೇನುಹುಳುಗಳೂ ಬಂದವು. ಅಲ್ಲಿಂದ ಮುಂದೆ ‘ಜೇನುಗೂಡಿಟ್ಟರೆ ಬೆಳೆ ಬೇಗ’ ಎಂಬುದು ಆಟಗಾರರ ನಡುವೆ ಗಾದೆಯಂತೆ ಹರಡಿತು.

ಈ ಮಾತು ಎಷ್ಟು ನಿಜ? ಪ್ರಶ್ನೆಗೆ ಎರಡು ಭಾಗಗಳಿವೆ. ಆಟದೊಳಗೇ ಅದು ಎಷ್ಟು ನಿಜ ಎಂಬುದು ಒಂದು. ಮಣ್ಣಿನ ಹೊಲದಲ್ಲಿ ಎಷ್ಟು ನಿಜ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಒಂದು ಕಾಗದ, ಒಂದು ಪೆನ್ಸಿಲ್ ಸಾಕು.

ಆಟದ ಜೇನುಹುಳು ಗೂಡಿನಿಂದ ಹೊರಟು ಒಂದು ಹೂವನ್ನು ಹುಡುಕಿ ಅದರ ಮೇಲೆ ಕನಿಷ್ಠ 20 ಸೆಕೆಂಡು ಸುಳಿದಾಡುತ್ತದೆ. ಆಮೇಲೆ ಅದರ ಬೆನ್ನಿನ ಮೇಲೆ ಪರಾಗದ ಬಿಳಿ ಚುಕ್ಕೆಗಳು ಮೂಡುತ್ತವೆ. ಹಾರುತ್ತಿರುವಾಗ ಮೈಯಿಂದ ಪರಾಗದ ಕಣಗಳು ಉದುರುತ್ತವೆ. ಹೀಗೆ ಪರಾಗ ಹೊತ್ತ ಹುಳು ಗೋಧಿ, ಕ್ಯಾರೆಟ್, ಆಲೂಗೆಡ್ಡೆ, ಬೀಟ್‌ರೂಟ್ ಇವುಗಳ ಮೇಲೆ ತೀರ ತಗ್ಗಿನಲ್ಲಿ ಹಾರಿದರೆ ಕೆಳಗಿನ ಗಿಡ ಒಂದು ಹಂತ ಬೆಳೆಯಬಹುದು. ಕುಂಬಳ, ಕಲ್ಲಂಗಡಿಗಳ ಬಳ್ಳಿಗೂ ಒಂದು ಜಾತಿಯ ಹಣ್ಣಿನ ಪೊದೆಗೂ ಇದೇ ನಿಯಮ. ಒಂದು ಸಲ ಪರಾಗ ಹೊತ್ತು ಹೊರಟರೆ ಒಂದು ಹುಳು ಹೆಚ್ಚೆಂದರೆ 10 ಬಾರಿ ಈ ಉಪಕಾರ ಮಾಡಬಲ್ಲದು. ಆಮೇಲೆ ಗೂಡಿಗೆ ಹೋಗಿ 2 ನಿಮಿಷ ಒಳಗೇ ಇರುತ್ತದೆ. ಹುಳು ಕೆಲಸ ಮುಗಿಸಿ ಹೊರಬಂದಾಗಲೆಲ್ಲ ಗೂಡಿನ ಜೇನು ಒಂದು ಮಟ್ಟ ಏರುತ್ತದೆ. 5 ಮಟ್ಟ ಏರಿದರೆ ಗೂಡು ತುಂಬಿತು. ಒಂದು ಗೂಡಿನಲ್ಲಿ ಇರುವುದು ಮೂರೇ ಹುಳು. ಇನ್ನೊಂದು ಸಂಗತಿ: ತನ್ನದೆಂಬ ಗೂಡಿಲ್ಲದ ಹುಳು ಎಷ್ಟೇ ಪರಾಗ ಹೊತ್ತು ಅಲೆದರೂ ಗಿಡಗಳು ಅದರಿಂದ ಬೆಳೆಯುವುದಿಲ್ಲ. ಗೂಡಿಗೂ ಬೆಳೆಗೂ ಇರುವ ನಂಟು ಇದು.

ಹುಳು ಇಲ್ಲದೆಯೂ ಆಟದ ಬೆಳೆ ಬೆಳೆಯುತ್ತದೆ. ಕಂಪ್ಯೂಟರಿನಲ್ಲಿ ಆಡುವ ‘ಜಾವಾ’ ಆವೃತ್ತಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಕಾಲ ಸೆಕೆಂಡಿಗೆ 20 ಬಾರಿ ಮಿಡಿಯುತ್ತದೆ. ಜಗತ್ತನ್ನು 16 × 16 × 16, ಅಂದರೆ 4096 ಘನಗಳ ಗುಂಪುಗಳಾಗಿ ವಿಂಗಡಿಸಲಾಗಿದೆ. ಪ್ರತಿ ಮಿಡಿತಕ್ಕೂ ಒಂದೊಂದು ಗುಂಪಿನಿಂದ 3 ಘನಗಳಿಗೆ ಚೀಟಿ ಎತ್ತಿದಂತೆ ಆಯ್ಕೆ ನಡೆಯುತ್ತದೆ. ಚೀಟಿ ಬಂದ ಜಾಗದಲ್ಲಿ ಪೈರಿದ್ದರೆ ಅದಕ್ಕೆ ಬೆಳೆಯುವ ಒಂದು ಅವಕಾಶ. 4096ನ್ನು 3ರಿಂದ ಭಾಗಿಸಿ, ಬಂದದ್ದನ್ನು 20ರಿಂದ ಭಾಗಿಸಿದರೆ ಸುಮಾರು 68 ಬರುತ್ತದೆ. ಒಂದು ಗಿಡಕ್ಕೆ ಸರಾಸರಿ 68 ಸೆಕೆಂಡಿಗೊಮ್ಮೆ ಚೀಟಿ ಬರುತ್ತದೆ ಎಂದಾಯಿತು.

ಚೀಟಿ ಬಂದಾಗಲೆಲ್ಲ ಗಿಡ ಬೆಳೆದೇ ಬಿಡುವುದಿಲ್ಲ. ನೆಲ ತೇವವಾಗಿದ್ದು, ಒಂದು ಸಾಲು ಗೋಧಿ ಒಂದು ಸಾಲು ಕ್ಯಾರೆಟ್ ಎಂಬಂತೆ ಬೇರೆ ಬೇರೆ ಬೆಳೆಯ ಸಾಲುಗಳಿದ್ದರೆ ಮೂರು ಚೀಟಿಗೆ ಒಂದು ಸಲ ಬೆಳೆಯುತ್ತದೆ. ಹೊಲವೆಲ್ಲ ಒಂದೇ ಬೆಳೆಯಾಗಿದ್ದರೆ ಆರು ಚೀಟಿಗೆ ಒಂದು ಸಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಬಿಡುವ ನಮ್ಮ ರೈತರಿಗೆ ಈ ನಿಯಮ ಕೇಳಿದರೆ ಖುಷಿಯಾದೀತು! ಸ್ವೀಡನ್ನಿನ ಆಟ ಬರೆದವರಿಗೆ ಅಕ್ಕಡಿ ಗೊತ್ತಿತ್ತೆಂದಲ್ಲ. ಒಂದೇ ಬೆಳೆಯನ್ನು ಒತ್ತೊತ್ತಾಗಿ ಹಾಕಿದರೆ ದಂಡ ತೆರಬೇಕು ಎಂಬ ತಿಳಿವಳಿಕೆ ಮಾತ್ರ ಅವರಿಗಿತ್ತು.

ಈಗ ಲೆಕ್ಕಕ್ಕೆ ಬನ್ನಿ. ಆಟಗಾರರು ಸಾಮಾನ್ಯವಾಗಿ ಮಾಡುವ ಪಾತಿ 9 ಘನ ಉದ್ದ, 9 ಘನ ಅಗಲ. ನಡುವೆ ಒಂದು ಘನ ನೀರು. ಆ ನೀರಿನ ತೇವ ನಾಲ್ಕೂ ಕಡೆಗೆ ನಾಲ್ಕು ನಾಲ್ಕು ಘನದವರೆಗೆ ಹರಡುತ್ತದೆ. ಗಿಡಗಳು 80. ಪಾತಿಯ ಪಕ್ಕ ಒಂದು ಗೂಡು, ಮೂರು ಹುಳು. ಹೂವಿನ ಮೇಲೆ 20 ಸೆಕೆಂಡು, ಗೂಡಿನೊಳಗೆ 2 ನಿಮಿಷ, ಹೋಗಿಬರುವ ಹೊತ್ತು, ಎಲ್ಲ ಸೇರಿ ಒಂದು ಸುತ್ತಿಗೆ 3 ನಿಮಿಷ ಎಂದಿಟ್ಟುಕೊಳ್ಳೋಣ. ಮೂರು ನಿಮಿಷದಲ್ಲಿ ಮೂರು ಹುಳುಗಳಿಂದ ಹೆಚ್ಚೆಂದರೆ 30 ಹಂತದ ಬೆಳವಣಿಗೆ. ಅದೇ ಮೂರು ನಿಮಿಷದಲ್ಲಿ 80 ಗಿಡಗಳಿಗೆ ಬರುವ ಚೀಟಿಗಳು ಸುಮಾರು 211. ಪಾತಿಯೆಲ್ಲ ಗೋಧಿಯೇ ಆಗಿದ್ದರೆ ಅದರ ಆರನೆಯ ಒಂದು ಪಾಲು, ಅಂದರೆ ಸುಮಾರು 35 ಹಂತ. ಸಾಲು ಬದಲಿಸಿ ಹಾಕಿದ್ದರೆ ಸುಮಾರು 70. ಅಂಚಿನ ಗಿಡಗಳಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ, ಅದಿರಲಿ.

ಅಂಕಿಗಳು ಏನು ಹೇಳುತ್ತವೆ ನೋಡಿ. ಜೇನುಗೂಡು ಇಟ್ಟು ಪಡೆಯುವ 30 ಹಂತಕ್ಕಿಂತ, ಬಿತ್ತುವಾಗ ಸಾಲು ಬದಲಿಸಿ ಪಡೆಯುವ 35 ಹಂತ ಹೆಚ್ಚು! ಅದಕ್ಕೆ ಖರ್ಚೂ ಇಲ್ಲ, ಹುಳು ಕಡಿಯುವ ಭಯವೂ ಇಲ್ಲ. ಮೇಲಾಗಿ 30 ಎಂಬುದು ಹುಳುಗಳು ಒಂದು ನಿಮಿಷವನ್ನೂ ಹಾಳು ಮಾಡದೆ ದುಡಿದರೆ ಬರುವ ಲೆಕ್ಕ. ಆಟದಲ್ಲಿ ರಾತ್ರಿಯಾದರೆ, ಮಳೆ ಬಂದರೆ ಹುಳುಗಳು ಗೂಡು ಬಿಟ್ಟು ಹೊರಡುವುದಿಲ್ಲ. ದೀಪ ಹಚ್ಚಿಟ್ಟ ಪಾತಿಯ ಪೈರಿಗಾದರೋ ರಾತ್ರಿಯೂ ಚೀಟಿ ಬರುತ್ತಲೇ ಇರುತ್ತದೆ. ಹಾಗಾದರೆ ಗೂಡು ವ್ಯರ್ಥವೇ? ಅಲ್ಲ. ಪಾತಿ ಚಿಕ್ಕದಾದಷ್ಟೂ ಅದರ ಬೆಲೆ ಏರುತ್ತದೆ. ಎಂಟೇ ಗಿಡಗಳಿದ್ದರೆ ಮೂರು ನಿಮಿಷದಲ್ಲಿ ಅವು ತಾವಾಗಿ ಮೂರು ನಾಲ್ಕು ಹಂತ ದಾಟುವುದೂ ಕಷ್ಟ. ಹುಳುಗಳು ಹಾರುವ ದಾರಿ ಆ ಗಿಡಗಳ ಮೇಲೇ ಬಿದ್ದರೆ ಬೆಳೆಯ ವೇಗ ಹಲವು ಪಟ್ಟಾಗುತ್ತದೆ. ದೊಡ್ಡ ಹೊಲಕ್ಕೆ ಒಂದು ಗೂಡಿಟ್ಟು ಪವಾಡ ನಿರೀಕ್ಷಿಸುವ ಹುಡುಗ ಭಾಗಾಕಾರ ಮರೆತಿದ್ದಾನೆ ಎಂದೇ ಅರ್ಥ. ಆಟವಾಡಬೇಡ ಎಂದು ಗದರುವ ಬದಲು ಈ ಲೆಕ್ಕ ಮಾಡಿಸುವ ಅಪ್ಪನಿಗೆ ಸಂಭವನೀಯತೆಯ ಪಾಠ ಅರ್ಧ ಮುಗಿದಂತೆ.

ಈಗ ಎರಡನೆಯ ಭಾಗ. ಇಲ್ಲಿ ವಿಷಯ ಸ್ವಲ್ಪ ಗಂಭೀರವಾಗುತ್ತದೆ.

ಮೈನ್‌ಕ್ರಾಫ್ಟಿನಲ್ಲಿ ಎಲುಬಿನ ಪುಡಿ ಎಂಬ ಗೊಬ್ಬರವಿದೆ. ಅದನ್ನು ಎರಚಿದರೆ ಗೋಧಿ ಒಮ್ಮೆಗೇ ಎರಡರಿಂದ ಐದು ಹಂತ ಏರುತ್ತದೆ. ಎಲುಬಿನ ಪುಡಿ ನಿಜವಾದ ಹೊಲದಲ್ಲೂ ಗೊಬ್ಬರವೇ. ಅದರಲ್ಲಿ ರಂಜಕ ಇದೆ. ಆಟ ಬರೆದವರು ಜೇನುಹುಳುವಿಗೆ ಕೊಟ್ಟದ್ದು ಇದೇ ಗೊಬ್ಬರದ ಕೆಲಸವನ್ನು. ಗುಲಾಬಿಯ ಪರಾಗ ಕ್ಯಾರೆಟ್ಟಿನ ಮೇಲೆ ಬಿತ್ತು, ಕ್ಯಾರೆಟ್ ಬೆಳೆಯಿತು! ಪರಾಗ ಇಲ್ಲಿ ಹಾರುವ ಗೊಬ್ಬರ. ಪರೀಕ್ಷೆಯಲ್ಲಿ ‘ಪರಾಗಸ್ಪರ್ಶದಿಂದ ಗಿಡ ಎತ್ತರ ಬೆಳೆಯುತ್ತದೆ’ ಎಂದು ಬರೆಯುವ ಮಗು ಈ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತದೆ. ಆ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದರೆ ಅಂಕ ಹೋಗುತ್ತದೆ, ಚಿತ್ರ ಹೋಗುವುದಿಲ್ಲ.

ನಿಜವಾದ ಜೇನುಹುಳು ಗೊಬ್ಬರ ಹಾಕುವ ಆಳಲ್ಲ. ಗಂಡು ಹೆಣ್ಣು ಕೂಡಿಸುವ ಮದುವೆ ದಲ್ಲಾಳಿ. ಒಂದು ಹೂವಿನ ಕೇಸರದಲ್ಲಿರುವ ಪರಾಗವನ್ನು ಅದೇ ಜಾತಿಯ ಇನ್ನೊಂದು ಹೂವಿನ ಶಲಾಕಾಗ್ರಕ್ಕೆ ಮುಟ್ಟಿಸುವುದು ಅದರ ಕೆಲಸ. ಜಾತಿ ತಪ್ಪಿದರೆ ಪ್ರಯೋಜನವಿಲ್ಲ. ಅದಕ್ಕೆ ತಕ್ಕಂತೆ ಜೇನುಹುಳುವಿಗೆ ಒಂದು ಸೊಗಸಾದ ಅಭ್ಯಾಸವಿದೆ: ಒಂದು ಸಲ ಹೊರಟರೆ ಸಾಮಾನ್ಯವಾಗಿ ಒಂದೇ ಬಗೆಯ ಹೂಗಳನ್ನು ಹುಡುಕಿಕೊಂಡು ಹೋಗುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸ್ ದೇಶದ ಅರಿಸ್ಟಾಟಲ್ ಇದನ್ನು ಗಮನಿಸಿ ಬರೆದಿಟ್ಟಿದ್ದಾನೆ. ಹೂವು ತನಗೇನು ಲಾಭ ಎಂದು ಹುಳುವನ್ನು ಕರೆಯುತ್ತದೆ ಎಂಬುದನ್ನು ವಿವರವಾಗಿ ತೋರಿಸಿಕೊಟ್ಟವನು ಮಾತ್ರ ಬಹಳ ತಡವಾಗಿ ಬಂದ. ಅವನು ಬರ್ಲಿನ್ನಿನ ಹತ್ತಿರದ ಸ್ಪಾಂಡೌ ಊರಿನ ಶಾಲೆಯ ಮುಖ್ಯೋಪಾಧ್ಯಾಯ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್. ಅವನ ಪುಸ್ತಕ ಬಂದದ್ದು 1793ರಲ್ಲಿ. ಆಗ ಅದನ್ನು ಕೇಳುವವರಿರಲಿಲ್ಲ. ಅದರ ಬೆಲೆ ಲೋಕಕ್ಕೆ ತಿಳಿದದ್ದು ಮುಂದೆ ಚಾರ್ಲ್ಸ್ ಡಾರ್ವಿನ್ ಅದನ್ನು ಎತ್ತಿ ಹಿಡಿದ ಮೇಲೆ.

ಈಗ ಆಟದ ಬೆಳೆಗಳನ್ನು ನಿಜದ ಬೆಳಕಿಗೆ ಹಿಡಿಯೋಣ. ಗೋಧಿಯ ಹೂವಿಗೆ ಬಣ್ಣವಿಲ್ಲ, ಮಕರಂದವಿಲ್ಲ. ಅದು ಬಹುಮಟ್ಟಿಗೆ ತನ್ನದೇ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುತ್ತದೆ. ಜೇನುಹುಳುವಿಗೆ ಅಲ್ಲಿ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. ಭತ್ತದ ಕಥೆಯೂ ಹಾಗೆಯೇ. ಕ್ಯಾರೆಟ್, ಬೀಟ್‌ರೂಟುಗಳಲ್ಲಿ ನಾವು ತಿನ್ನುವುದು ಹೂ ಬಿಡುವ ಮೊದಲೇ ಕಿತ್ತ ಬೇರನ್ನು. ಹೂವೇ ಬರದ ಗಿಡಕ್ಕೆ ದಲ್ಲಾಳಿ ಏಕೆ? ಬೀಜಕ್ಕಾಗಿ ಬಿಟ್ಟ ಕ್ಯಾರೆಟ್ಟಿಗೆ ಮಾತ್ರ ಕೀಟಗಳು ಬೇಕು. ಆಲೂಗೆಡ್ಡೆ ನೆಲದೊಳಗೆ ಊದಿಕೊಂಡ ಕಾಂಡ. ಅದರ ಹೂವಿನಲ್ಲೂ ಮಕರಂದವಿಲ್ಲ. ಅದರಿಂದಾಗುವ ಪುಟ್ಟ ಕಾಯಿ ವಿಷ, ತಿನ್ನುವಂತಿಲ್ಲ.

ಉಳಿದವು ಕುಂಬಳ ಮತ್ತು ಕಲ್ಲಂಗಡಿ. ಇವೆರಡಕ್ಕೆ ಜೇನುಹುಳು ಬೇಕೇ ಬೇಕು. ಆದರೆ ಆಟದಲ್ಲಿ ಆಗುವುದೇನು ಗೊತ್ತೇ? ಹುಳು ಬೆಳೆಸುವುದು ಬಳ್ಳಿಯನ್ನು ಮಾತ್ರ. ಬಳ್ಳಿ ಪೂರ್ತಿ ಬೆಳೆದ ಮೇಲೆ ಕಾಯಿ ಕಟ್ಟುವ ಹಂತದಲ್ಲಿ ಹುಳುವಿಗೆ ಪಾತ್ರವೇ ಇಲ್ಲ. ಕಾಯಿ ಚೀಟಿಯ ಅದೃಷ್ಟದಿಂದ ಬರುತ್ತದೆ. ನಿಜದ ತೋಟದಲ್ಲಿ ಸರಿಯಾಗಿ ಇದರ ತಿರುವು. ಬಳ್ಳಿ ಹಬ್ಬಲು ಹುಳು ಬೇಡ, ಕಾಯಿ ಕಟ್ಟಲು ಬೇಕು. ಇಡೀ ಆಟದಲ್ಲಿ ಜೇನುಹುಳು ಅನಿವಾರ್ಯವಾಗಬೇಕಿದ್ದ ಒಂದೇ ಒಂದು ಘಳಿಗೆಯಲ್ಲಿ ಅದಕ್ಕೆ ರಜೆ ಕೊಟ್ಟುಬಿಟ್ಟಿದ್ದಾರೆ!

ಇನ್ನೊಂದು ಪ್ರಸಿದ್ಧ ಬೇಸಾಯದ ಆಟ 2016ರಲ್ಲಿ ಬಂದ ‘ಸ್ಟಾರ್‌ಡ್ಯೂ ವ್ಯಾಲಿ’. ಅದರಲ್ಲೂ ಜೇನುಪೆಟ್ಟಿಗೆ ಇದೆ. ಚಳಿಗಾಲ ಬಿಟ್ಟು ಉಳಿದ ಕಾಲದಲ್ಲಿ ನಾಲ್ಕು ದಿನಕ್ಕೊಮ್ಮೆ ಜೇನು ಕೊಡುತ್ತದೆ. ಹತ್ತಿರ ಬೆಳೆಸಿದ ಹೂ ಯಾವುದೋ ಜೇನಿನ ಹೆಸರೂ ಬೆಲೆಯೂ ಅದರ ಮೇಲೆ ನಿಂತಿದೆ. ಇದು ಸರಿಯಾದ ಮಾತೇ. ಹೂವಿಗೆ ತಕ್ಕ ಜೇನು ಎಂಬುದು ಮಲೆನಾಡಿನ ಯಾವ ಅಜ್ಜನಿಗೂ ಗೊತ್ತು. ಆದರೆ ಆ ಪೆಟ್ಟಿಗೆಯಿಂದ ಬೆಳೆಗೆ ಏನೂ ಆಗುವುದಿಲ್ಲ. ಒಂದು ಆಟ ಮಕರಂದದ ಅರ್ಧ ಕಥೆ ಹೇಳಿತು, ಇನ್ನೊಂದು ಪರಾಗದ ಅರ್ಧ ಕಥೆ ಹೇಳಿತು. ಕೂಡಿಸಿಕೊಳ್ಳುವ ಕೆಲಸ ತರಗತಿಗೆ ಬಿಟ್ಟದ್ದು.

ಕುಂಬಳದ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲು ಅರಳುವವು ಉದ್ದ ತೊಟ್ಟಿನ ಗಂಡು ಹೂಗಳು. ‘ಬಳ್ಳಿ ಹೂ ಬಿಡುತ್ತದೆ, ಕಾಯಿ ಹಿಡಿಯುವುದಿಲ್ಲ’ ಎಂದು ಮನೆಯವರು ಕೊರಗುವುದು ಈ ದಿನಗಳಲ್ಲೇ. ಆಮೇಲೆ ಬರುವ ಹೆಣ್ಣು ಹೂವನ್ನು ಗುರುತಿಸುವುದು ಸುಲಭ, ಎಸಳುಗಳ ಬುಡದಲ್ಲಿ ಗೋಲಿಯಷ್ಟು ದೊಡ್ಡ ಹೀಚು ಇರುತ್ತದೆ. ಹೂ ಅರಳುವುದು ನಸುಕಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಮುದುಡಿ ಮುಗಿಯುತ್ತದೆ. ಪರಾಗ ಅಂಟಂಟಾಗಿ ಭಾರವಾಗಿರುವುದರಿಂದ ಗಾಳಿಗೆ ಹಾರದು. ಆ ಕೆಲವೇ ಗಂಟೆಗಳಲ್ಲಿ ಯಾರಾದರೂ ಬಂದು ಹೊತ್ತೊಯ್ಯಬೇಕು. ಹೀಚಿನೊಳಗೆ ನೂರಾರು ಅಂಡಕಗಳಿರುತ್ತವೆ. ಒಂದೊಂದು ಬೀಜಕ್ಕೂ ಒಂದೊಂದು ಪರಾಗದ ಕಣ ಬೇಕು. ಹಾಗಾಗಿ ಹುಳು ಒಂದು ಸಲ ಬಂದು ಹೋದರೆ ಸಾಲದು, ಮತ್ತೆ ಮತ್ತೆ ಬರಬೇಕು. ಯಾರೂ ಬಾರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಅರೆಬರೆ ಪರಾಗ ಬಿದ್ದರೆ ಕಾಯಿ ಒಂದು ಕಡೆ ಉಬ್ಬಿ ಒಂದು ಕಡೆ ಸೊಟ್ಟಗಾಗುವುದುಂಟು.

ಕಾಯಿ ಸೊಟ್ಟಗಾಗುವುದೇಕೆ? ಬೆಳೆಯುತ್ತಿರುವ ಬೀಜಗಳು ‘ಆಕ್ಸಿನ್’ ಎಂಬ ಚೋದಕವನ್ನು ಸುರಿಸುತ್ತವೆ. ಸುತ್ತಲಿನ ತಿರುಳಿಗೆ ಬೆಳೆ ಎಂದು ಹೇಳುವುದು ಅದು. ಬೀಜವಿಲ್ಲದ ಕಡೆ ಆ ಮಾತು ತಲುಪುವುದಿಲ್ಲ. ನಿಚ್ ಎಂಬ ವಿಜ್ಞಾನಿ 1950ರಲ್ಲಿ ಸ್ಟ್ರಾಬೆರಿ ಹಣ್ಣಿನ ಮೇಲೆ ಇದನ್ನು ಅಂದವಾಗಿ ತೋರಿಸಿದ. ಸ್ಟ್ರಾಬೆರಿಯ ಮೈಮೇಲಿನ ಚುಕ್ಕೆಗಳೇ ಅದರ ಬೀಜ ಹೊತ್ತ ಪುಟ್ಟ ಕಾಯಿಗಳು. ಎಳೆಯ ಹಣ್ಣಿನಿಂದ ಅವನ್ನೆಲ್ಲ ಕಿತ್ತುಹಾಕಿದಾಗ ಹಣ್ಣು ಬೆಳೆಯುವುದನ್ನೇ ನಿಲ್ಲಿಸಿತು. ಅವುಗಳ ಬದಲು ಆಕ್ಸಿನ್ ಸವರಿದಾಗ ಮತ್ತೆ ಬೆಳೆಯಿತು. ಅಂದಮೇಲೆ ಜೇನುಹುಳುವಿಗೂ ಬೆಳವಣಿಗೆಗೂ ನಂಟೇ ಇಲ್ಲ ಎನ್ನುವಂತಿಲ್ಲ. ನಂಟು ಇದೆ, ಆದರೆ ಅದು ಗಿಡದ ಎತ್ತರದಲ್ಲಿಲ್ಲ, ಬೀಜದ ಮೂಲಕ ಕಾಯಿಯ ಗಾತ್ರ ಆಕಾರಗಳಲ್ಲಿದೆ. ಆಟ ನೋಡಿದ ಮಗು ಸತ್ಯದ ಬಾಗಿಲವರೆಗೂ ಬಂದು ಪಕ್ಕದ ಮನೆಗೆ ಹೊಕ್ಕಿದೆ, ಅಷ್ಟೆ.

ಈ ಸೂಕ್ಷ್ಮ ತಿಳಿದಿದ್ದರೆ ಪತ್ರಿಕೆಗಳಲ್ಲಿ ಆಗಾಗ ಬರುವ ಭಯದ ಮಾತನ್ನೂ ತೂಗಿ ನೋಡಬಹುದು. ಜೇನುಹುಳು ನಾಶವಾದರೆ ನಾಲ್ಕೇ ವರ್ಷಗಳಲ್ಲಿ ಮನುಷ್ಯಕುಲ ಮುಗಿಯುತ್ತದೆ ಎಂದು ಐನ್‌ಸ್ಟೈನ್ ಹೇಳಿದರೆಂದು ಬರೆಯುತ್ತಾರೆ. ಅವರು ಹಾಗೆ ಹೇಳಿದ್ದಕ್ಕೆ ಆಧಾರ ಸಿಕ್ಕಿಲ್ಲ. ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ ಜಗತ್ತಿನ 115 ಮುಖ್ಯ ಆಹಾರ ಬೆಳೆಗಳನ್ನು ತೆಗೆದುಕೊಂಡರು. ಅವುಗಳಲ್ಲಿ 87 ಬೆಳೆಗಳು ಸ್ವಲ್ಪವೋ ಬಹಳವೋ ಪ್ರಾಣಿಗಳ, ಅಂದರೆ ಮುಖ್ಯವಾಗಿ ಕೀಟಗಳ, ಪರಾಗಸ್ಪರ್ಶವನ್ನು ನೆಚ್ಚಿವೆ. ಆದರೆ ತೂಕದ ಲೆಕ್ಕದಲ್ಲಿ ಅವುಗಳ ಪಾಲು ಶೇಕಡ 35 ಮಾತ್ರ. ಶೇಕಡ 60ರಷ್ಟು ಉತ್ಪನ್ನ ಗೋಧಿ, ಭತ್ತದಂಥ ಹುಳು ಬೇಡದ ಬೆಳೆಗಳದು. ಜೇನುಹುಳು ಹೋದರೆ ಅನ್ನ, ಚಪಾತಿ ತಟ್ಟೆಯಲ್ಲಿ ಉಳಿಯುತ್ತವೆ. ಪಕ್ಕದ ಪಲ್ಯ, ಹಣ್ಣು, ಒಗ್ಗರಣೆಯ ಎಣ್ಣೆಗಳಲ್ಲಿ ಬಹಳಷ್ಟು ಕುಗ್ಗುತ್ತವೆ. ಬೆಳೆಯುವ ಮಕ್ಕಳ ತಟ್ಟೆಗೆ ಇದೇನು ಸಣ್ಣ ನಷ್ಟವಲ್ಲ.

ಸೂರ್ಯಕಾಂತಿಯನ್ನೇ ನೋಡಿ. ಮೈನ್‌ಕ್ರಾಫ್ಟಿನಲ್ಲಿ ಅದು ಅಲಂಕಾರದ ಹೂ. ಹುಳು ಅದರಿಂದ ಪರಾಗ ತೆಗೆದುಕೊಳ್ಳುತ್ತದೆ, ಅದಕ್ಕೆ ಏನನ್ನೂ ಕೊಡುವುದಿಲ್ಲ. ಉತ್ತರ ಕರ್ನಾಟಕದ ರೈತನಿಗೆ ಅದು ಎಣ್ಣೆಕಾಳು. ಹುಳುಗಳ ಓಡಾಟ ಕಡಿಮೆಯಾದ ವರ್ಷ ತೆನೆಯಲ್ಲಿ ಜೊಳ್ಳು ಹೆಚ್ಚು. ಹೂ ಅರಳಿದ ದಿನಗಳಲ್ಲಿ ಬೆಳಗಿನ ಹೊತ್ತು ಕೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಒಂದೊಂದು ತೆನೆಯನ್ನೂ ಸವರುತ್ತ ಹೋಗಿ ಎಂದು ಕೃಷಿ ತಜ್ಞರು ಸಲಹೆ ಕೊಡುವುದು ಇದಕ್ಕಾಗಿಯೇ. ಹುಳು ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಆಳಿನ ಕೂಲಿ ಕೊಡಬೇಕಾದಾಗ ಅದರ ಬೆಲೆ ತಿಳಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಂತೂ ಬಾದಾಮಿ ತೋಟದವರು ಪ್ರತಿ ಫೆಬ್ರವರಿಯಲ್ಲಿ ಎಕರೆಗೆ ಸುಮಾರು ಎರಡರಂತೆ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸುತ್ತಾರೆ. ದೇಶದ ಮೂಲೆ ಮೂಲೆಯಿಂದ ಪೆಟ್ಟಿಗೆಗಳು ಲಾರಿಗಳಲ್ಲಿ ಬರುತ್ತವೆ. ಬಾದಾಮಿ ಮರ ಬೆಳೆಯಲೆಂದಲ್ಲ, ಕಾಯಿ ಕಟ್ಟಲೆಂದು.

ಆಟ ಬರೆದವರು ಎಲ್ಲದರಲ್ಲೂ ಎಡವಿದ್ದಾರೆ ಎಂದರೆ ಅನ್ಯಾಯವಾದೀತು. ಜೇನು ತೆಗೆಯುವ ಮೊದಲು ಗೂಡಿನ ಕೆಳಗೆ ಬೆಂಕಿ ಹಾಕಿ ಹೊಗೆ ಮಾಡದಿದ್ದರೆ ಆಟದ ಹುಳುಗಳು ಸಿಟ್ಟಿಗೇಳುತ್ತವೆ. ಇದು ನಿಜ ಜೀವನದ ನಕಲೇ. ಕಾವಲಿನ ಹುಳು ಅಪಾಯ ಕಂಡಾಗ ಒಂದು ವಾಸನೆಯ ರಾಸಾಯನಿಕವನ್ನು ಗಾಳಿಗೆ ಬಿಡುತ್ತದೆ. ಅದರ ಮುಖ್ಯ ಅಂಶದ ಹೆಸರು ಐಸೊಅಮೈಲ್ ಅಸಿಟೇಟ್, ವಾಸನೆ ಮಾಗಿದ ಬಾಳೆಹಣ್ಣಿನದು. ಹೊಗೆ ಆ ಕರೆಯನ್ನು ಮುಚ್ಚಿಬಿಡುತ್ತದೆ. ಜೊತೆಗೆ, ಹೊಗೆ ತಾಗಿದ ಹುಳುಗಳು ಗೂಡು ಬಿಡಬೇಕಾದೀತೆಂಬಂತೆ ಹೊಟ್ಟೆ ತುಂಬ ಜೇನು ಕುಡಿಯಲು ತೊಡಗುತ್ತವೆ. ಕಚ್ಚಿದ ಹುಳು ಸಾಯುತ್ತದೆ ಎಂಬುದನ್ನೂ ಆಟ ತೋರಿಸುತ್ತದೆ. ಮನುಷ್ಯನ ಚರ್ಮದಲ್ಲಿ ಸಿಕ್ಕಿಕೊಂಡ ಗರಗಸದಂಥ ಮುಳ್ಳು ಕಳಚಿ ಉಳಿಯುವುದರಿಂದ ನಿಜದ ಕೆಲಸಗಾರ ಹುಳುವಿಗೂ ಅದೇ ಗತಿ. ಆದರೆ ಆಟದ ಗೂಡಿನಲ್ಲಿ ರಾಣಿ ಇಲ್ಲ, ಗಂಡು ಹುಳುಗಳಿಲ್ಲ. ಸಾವಿರಾರು ಹುಳುಗಳ ಸಂಸಾರದ ಜಾಗದಲ್ಲಿ ಮೂರು ಒಂಟಿ ಜೀವಗಳಿವೆ.

ಆಟದಲ್ಲಿ ಇಲ್ಲದ್ದು ಇನ್ನೂ ಎರಡಿವೆ, ರೋಗ ಮತ್ತು ವಿಷ. 1991-92ರಲ್ಲಿ ‘ಥಾಯ್ ಸ್ಯಾಕ್‌ಬ್ರೂಡ್’ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಮರಿಗಳು ನೀರು ತುಂಬಿದ ಚೀಲದಂತಾಗಿ ಗೂಡಿನಲ್ಲೇ ಸತ್ತವು. ಕೊಡಗು, ಮಲೆನಾಡು, ಕರಾವಳಿಗಳಲ್ಲಿ ಸಾವಿರಾರು ಪೆಟ್ಟಿಗೆಗಳು ಖಾಲಿಯಾದವು. ಆ ಕಾಲದ ಜೇನು ಸಾಕಣೆಗಾರರು ಇಂದಿಗೂ ಆ ವರ್ಷಗಳ ಮಾತು ಬಂದರೆ ಹಗುರಾಗಿ ಆಡುವುದಿಲ್ಲ. ವಿಷದ ಮಾತು ಇನ್ನೂ ಹತ್ತಿರದ್ದು. ಯುರೋಪಿನ ಒಕ್ಕೂಟ 2018ರಲ್ಲಿ ನಿಯೋನಿಕೋಟಿನಾಯ್ಡ್ ಗುಂಪಿನ ಮೂರು ಕೀಟನಾಶಕಗಳನ್ನು ಬಯಲು ಹೊಲದಲ್ಲಿ ಬಳಸದಂತೆ ನಿಷೇಧಿಸಿದ್ದು ಜೇನುಹುಳುಗಳ ಸಲುವಾಗಿ. ನಮ್ಮ ಸಂತೆಯ ತರಕಾರಿ ಬೆಳೆಯುವವರಲ್ಲಿ ಎಷ್ಟೋ ಜನ ಕುಂಬಳಕ್ಕೆ, ಸೌತೆಗೆ ಔಷಧಿ ಹೊಡೆಯುವುದು ಬೆಳಗ್ಗೆ, ಹೂವೆಲ್ಲ ಬಾಯಿ ತೆರೆದು ಹುಳುಗಳನ್ನು ಕರೆಯುತ್ತಿರುವ ಹೊತ್ತಿನಲ್ಲಿ. ಹೊಡೆಯಲೇಬೇಕಾಗಿ ಬಂದರೆ ಹೂ ಮುದುಡಿದ ಮೇಲೆ, ಸಂಜೆ ಹೊಡೆದರೆ ಹುಳುಗಳ ಸಾವು ಎಷ್ಟೋ ತಗ್ಗುತ್ತದೆ. ‘ಜೇನುಹುಳುವಿನಿಂದ ಗಿಡ ಎತ್ತರವಾಗುತ್ತದೆ’ ಎಂದು ತಿಳಿದ ಹುಡುಗನಿಗೆ ಈ ಮಾತಿನ ಅರ್ಥ ಹೊಳೆಯದು, ಏಕೆಂದರೆ ಎತ್ತರವಾಗಿರುವ ಗಿಡ ಅವನ ಕಣ್ಣೆದುರೇ ಇದೆ. ‘ಈ ಬೆಳಗ್ಗೆ ಹುಳು ಬಾರದಿದ್ದರೆ ಈ ಹೀಚು ಉದುರುತ್ತದೆ’ ಎಂದು ತಿಳಿದವನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಹಿತ್ತಿಲಿನಲ್ಲೋ ತಾರಸಿಯ ದೊಡ್ಡ ಕುಂಡದಲ್ಲೋ ಒಂದು ಸಿಹಿಗುಂಬಳದ ಬಳ್ಳಿ ಇದ್ದರೆ ಮಕ್ಕಳು ಇದನ್ನು ತಾವೇ ನೋಡಬಹುದು. ನಾಳೆ ಅರಳಲಿರುವ ಹೆಣ್ಣು ಮೊಗ್ಗಿನ ತುದಿ ಇಂದು ಸಂಜೆಗೇ ಹಳದಿಯಾಗಿರುತ್ತದೆ. ಅಂಥ ಎರಡು ಮೊಗ್ಗುಗಳಿಗೆ ತೆಳುವಾದ ಬಟ್ಟೆಯ ಚೀಲ ಹಾಕಿ ಸಡಿಲವಾಗಿ ಕಟ್ಟಬೇಕು. ಮೂರನೆಯದನ್ನು ಹಾಗೇ ಬಿಟ್ಟು ತೊಟ್ಟಿಗೆ ಬಣ್ಣದ ದಾರ ಕಟ್ಟಿದರೆ ಸಾಕು. ಮರುದಿನ ಬೆಳಗ್ಗೆ ಒಂದು ಚೀಲ ಬಿಚ್ಚಿ, ಆಗ ತಾನೇ ಅರಳಿದ ಗಂಡು ಹೂವೊಂದನ್ನು ಕಿತ್ತು ಎಸಳು ತೆಗೆದು, ಅದರ ಕೇಸರವನ್ನು ಹೆಣ್ಣು ಹೂವಿನ ನಡುವಿನ ಗಂಟಿಗೆ ಮೃದುವಾಗಿ ಸವರಿ, ಮತ್ತೆ ಚೀಲ ಕಟ್ಟಬೇಕು. ಇನ್ನೊಂದು ಚೀಲವನ್ನು ಮುಟ್ಟಬಾರದು. ಮಧ್ಯಾಹ್ನ ಹೂಗಳು ಮುದುಡಿದ ಮೇಲೆ ಎಲ್ಲ ಚೀಲಗಳನ್ನೂ ತೆಗೆಯಬಹುದು. ಒಂದು ವಾರದೊಳಗೆ ಯಾವ ಹೀಚು ದಪ್ಪವಾಗುತ್ತಿದೆ, ಯಾವುದು ಹಳದಿಯಾಗಿ ಬಾಡುತ್ತಿದೆ ಎಂಬುದು ಕಾಣಿಸುತ್ತದೆ. ದಿನವೂ ದಾರ ಸುತ್ತಿ ಅಳತೆ ಬರೆದಿಟ್ಟರೆ ಇನ್ನೂ ಒಳ್ಳೆಯದು. ಒಂದೇ ಸಲದ ಫಲ ನೋಡಿ ತೀರ್ಮಾನಕ್ಕೆ ಬರಬಾರದು. ಬಳ್ಳಿಯಲ್ಲಿ ಆಗಲೇ ಬೇರೆ ಕಾಯಿಗಳು ಬಲಿಯುತ್ತಿದ್ದರೆ ಪರಾಗ ಬಿದ್ದ ಹೀಚನ್ನೂ ಅದು ಉದುರಿಸಿಬಿಡಬಹುದು. ಆದ್ದರಿಂದ ನಾಲ್ಕೈದು ಹೂಗಳಲ್ಲಾದರೂ ಮಾಡಿ ನೋಡುವುದು ಸರಿ.

ತಂಬುಳಿಗೋ ಬಜ್ಜಿಗೋ ಕುಂಬಳದ ಹೂ ಕೊಯ್ಯುವ ಮನೆಯಾದರೆ ಅಮ್ಮನಿಗೆ ಮೊದಲೇ ಹೇಳಿಟ್ಟು ಎರಡು ಗಂಡು ಹೂ ಉಳಿಸಿಕೊಳ್ಳಬೇಕು. ಬೆಳಗ್ಗೆ ಏಳು ಗಂಟೆಯೊಳಗೆ ಬಳ್ಳಿಯ ಹತ್ತಿರ ಇರಬೇಕು. ಭಾನುವಾರವೆಂದು ಹತ್ತು ಗಂಟೆಗೆ ಎದ್ದು ಹೋದರೆ ಹೂ ಮುದುಡಲು ಶುರುವಾಗಿರುತ್ತದೆ.